ಪರದೆಯ ಮುಂದೆ ಕಣ್ಣು ದಣಿಯದಂತೆ ಕೆಲಸ ಮಾಡುವ ಕ್ರಮ

ದಿನಕ್ಕೆ ಏಳೆಂಟು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡುವವರು ಸಂಜೆಯ ಹೊತ್ತಿಗೆ ಕಣ್ಣು ಸೋತಿದೆ ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಬ್ಬರಿಗೆ ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ. ಇನ್ನೊಬ್ಬರಿಗೆ ತಲೆಯೆತ್ತಿ ದೂರದ ಗೋಡೆಯನ್ನು ನೋಡಿದಾಗ ಒಂದೆರಡು ಕ್ಷಣ ಎಲ್ಲವೂ ಮಂಜಾಗಿ ಕಾಣುತ್ತದೆ. ಮತ್ತೊಬ್ಬರಿಗೆ ಹುಬ್ಬಿನ ಮೇಲ್ಭಾಗದಲ್ಲಿ ನೋವು ಶುರುವಾಗಿ ತಲೆಗೆ ಹಬ್ಬುತ್ತದೆ. ಇವುಗಳ ಮೂಲ ಒಂದೇ ಅಲ್ಲದ ಕಾರಣ ಪರಿಹಾರವೂ ಒಂದೇ ಆಗಿರುವುದಿಲ್ಲ. ಕಣ್ಣು ಒಣಗಿ ಉರಿಯುತ್ತಿದ್ದಾಗ ಹೊಸ ಕನ್ನಡಕ ಮಾಡಿಸಿಕೊಂಡವರನ್ನೂ, ಕನ್ನಡಕದ ನಂಬರ್ ಬದಲಾಗಿದ್ದಾಗ ತಿಂಗಳುಗಟ್ಟಲೆ ಹನಿಮದ್ದು ಹಾಕಿಕೊಂಡವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ತೊಂದರೆ ಯಾವುದೆಂದು ಗುರುತಿಸುವ ಬಗೆಯನ್ನು ಹೇಳಿ, ಬಳಿಕ ಖರ್ಚಿಲ್ಲದ ಕ್ರಮಗಳಿಂದ ಆರಂಭಿಸಿ ಮುಂದೆ ಹೋಗುತ್ತೇನೆ.

ಒಂದು ಆತಂಕವನ್ನು ಮಾತ್ರ ಆರಂಭದಲ್ಲಿಯೇ ದೂರ ಮಾಡಬೇಕು. ಪರದೆ ನೋಡಿ ಕಣ್ಣು ದಣಿಯುವುದರಿಂದ ದೃಷ್ಟಿ ಶಾಶ್ವತವಾಗಿ ಹಾಳಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹಾಗೆಂದು ದಿನವೂ ನೋವು ನುಂಗಿಕೊಂಡು ಕೆಲಸ ಮಾಡುವುದು ಅನಿವಾರ್ಯವೂ ಅಲ್ಲ.

ಮೊದಲ ಹೆಜ್ಜೆ: ಮೂರು ದಿನ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಮೂರು ಕೆಲಸದ ದಿನಗಳ ಕಾಲ ಒಂದು ಚೀಟಿಯಲ್ಲಿ ನಾಲ್ಕು ವಿಷಯಗಳನ್ನು ಗುರುತು ಹಾಕಿಕೊಳ್ಳಿ: ತೊಂದರೆ ಯಾವ ಹೊತ್ತಿಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ಯಾವ ಬಗೆಯ ತೊಂದರೆ, ಮತ್ತು ಏನು ಮಾಡಿದಾಗ ಕಡಿಮೆಯಾಯಿತು. ಈ ನಾಲ್ಕನೆಯದೇ ಹೆಚ್ಚು ಮುಖ್ಯವಾದ ಸುಳಿವು. ಕಣ್ಣು ಮುಚ್ಚಿಕೊಂಡು ಅರ್ಧ ನಿಮಿಷ ಕುಳಿತಾಗ ಹಾಯೆನಿಸಿದರೆ, ಫ್ಯಾನ್ ಅಥವಾ ಎಸಿಯ ಗಾಳಿ ಮುಖಕ್ಕೆ ಬಡಿಯುವ ಜಾಗದಲ್ಲಿ ತೊಂದರೆ ಹೆಚ್ಚಾದರೆ, ಕಣ್ಣಿನ ಮೇಲ್ಮೈ ಒಣಗುತ್ತಿದೆ ಎಂದು ಊಹಿಸಬಹುದು. ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಈ ಊಹೆಯನ್ನು ಕೈಬಿಡಬೇಕಾಗಿಲ್ಲ, ಏಕೆಂದರೆ ಒಣಗಿದ ಕಣ್ಣು ಕೆರಳಿದಾಗ ನೀರು ಹರಿಸುವುದುಂಟು. ಕಣ್ಣು ಮುಚ್ಚುವುದಕ್ಕಿಂತ ದೂರ ನೋಡಿದಾಗ ಹೆಚ್ಚು ಆರಾಮವೆನಿಸಿದರೆ ದಣಿದಿರುವುದು ಹತ್ತಿರದ ನೋಟಕ್ಕೆ ದುಡಿಯುವ ಸ್ನಾಯು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓದಿದಾಗ ತೊಂದರೆ ಕಡಿಮೆಯಾದರೆ ಎರಡು ಕಣ್ಣುಗಳು ಒಂದೇ ಬಿಂದುವಿನತ್ತ ಸೇರಿ ನೋಡುವುದರಲ್ಲಿ ಕೊರತೆ ಇರಬಹುದಾಗಿದ್ದು, ಅದನ್ನು ಮನೆಯಲ್ಲಿ ಸರಿಪಡಿಸಲು ಹೊರಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಎರಡನೆಯ ಹೆಜ್ಜೆ: ದೂರ ಮತ್ತು ಎತ್ತರ

ಕಣ್ಣಿನೊಳಗಿನ ಮಸೂರದ ಸುತ್ತ ಉಂಗುರದಂತಹ ಒಂದು ಸ್ನಾಯು ಇದೆ. ದೂರ ನೋಡುವಾಗ ಅದು ಸಡಿಲವಾಗಿರುತ್ತದೆ. ಹತ್ತಿರ ನೋಡುವಾಗ ಬಿಗಿದುಕೊಂಡು ಮಸೂರ ಉಬ್ಬುವಂತೆ ಮಾಡುತ್ತದೆ. ಅದರ ದುಡಿಮೆಯನ್ನು ಕನ್ನಡಕದ ನಂಬರ್‌ನ ಅಳತೆಯಲ್ಲಿಯೇ, ಅಂದರೆ ಡಯಾಪ್ಟರ್‌ನಲ್ಲಿ ಲೆಕ್ಕ ಹಾಕಬಹುದು: 100 ಎಂಬ ಸಂಖ್ಯೆಯನ್ನು ಸೆಂಟಿಮೀಟರ್‌ನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಸಾಕು. ಮೊಬೈಲನ್ನು 25 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಸ್ನಾಯುವಿನ ಮೇಲೆ 4 ಡಯಾಪ್ಟರ್ ಹೊರೆ ಬೀಳುತ್ತದೆ. ಪುಸ್ತಕವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ 2.5, ಕಂಪ್ಯೂಟರ್ ಪರದೆ 65 ಸೆಂಟಿಮೀಟರ್ ದೂರದಲ್ಲಿದ್ದರೆ ಸುಮಾರು 1.5. ಪರದೆಯನ್ನು ಒಂದು ಗೇಣು ಹಿಂದಕ್ಕೆ ಸರಿಸುವುದರಿಂದ ಎಷ್ಟು ಹೊರೆ ಇಳಿಯುತ್ತದೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಮೊಬೈಲಿನಲ್ಲಿ ಕಳೆದ ಒಂದು ಗಂಟೆ ಕಂಪ್ಯೂಟರ್ ಮುಂದೆ ಕಳೆದ ಒಂದು ಗಂಟೆಗಿಂತ ಹೆಚ್ಚು ದಣಿಸುವುದಕ್ಕೂ ಇದೊಂದು ಕಾರಣ.

ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತು ಕೈಯನ್ನು ನೇರವಾಗಿ ಮುಂದೆ ಚಾಚಿದಾಗ ಬೆರಳ ತುದಿ ಪರದೆಯನ್ನು ಮುಟ್ಟುವಂತಿದ್ದರೆ ದೂರ ಸರಿಯಾಗಿದೆ. ಅಳತೆಯಲ್ಲಿ ಹೇಳುವುದಾದರೆ 50ರಿಂದ 70 ಸೆಂಟಿಮೀಟರ್. ಪರದೆ ದೊಡ್ಡದಿದ್ದಷ್ಟೂ ಅದನ್ನು ಈ ಮಿತಿಯ ದೂರದ ತುದಿಗೆ ಸರಿಸಬೇಕು. ಹಾಗೆ ಸರಿಸಿದಾಗ ಅಕ್ಷರ ಚಿಕ್ಕದಾಯಿತೆಂದು ನೀವೇ ಮುಂದಕ್ಕೆ ಬಾಗಿದರೆ ಸರಿಸಿದ ಫಲವೆಲ್ಲ ಹೋಗುತ್ತದೆ. ಅಕ್ಷರವನ್ನು ದೊಡ್ಡದು ಮಾಡುವುದೇ ಅದಕ್ಕೆ ದಾರಿ. ಅದರ ವಿಚಾರ ಮುಂದೆ ಬರುತ್ತದೆ.

ಎತ್ತರದ ವಿಷಯದಲ್ಲಿ ಹಲವರು ಎಡವುತ್ತಾರೆ. ಕತ್ತಿಗೆ ಒಳ್ಳೆಯದೆಂದು ಪರದೆಯನ್ನು ತೀರ ಮೇಲಕ್ಕೆ ಏರಿಸಿದರೆ ನೋಟವೂ ಮೇಲೇರುತ್ತದೆ, ರೆಪ್ಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ಕಣ್ಣಿನ ಹೆಚ್ಚು ಭಾಗ ಗಾಳಿಗೆ ಬಿದ್ದು ಬೇಗನೆ ಒಣಗುತ್ತದೆ. ನೋಟ ತುಸು ಕೆಳಮುಖವಾಗಿದ್ದರೆ ಮೇಲಿನ ರೆಪ್ಪೆ ಕಣ್ಣಿನ ಸ್ವಲ್ಪ ಭಾಗವನ್ನು ಮುಚ್ಚಿ ಕಾಯುತ್ತದೆ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿದ್ದು, ನಡುಭಾಗ ಕಣ್ಣಿನ ಮಟ್ಟಕ್ಕಿಂತ 10ರಿಂದ 12 ಸೆಂಟಿಮೀಟರ್ ಕೆಳಗೆ ಬಂದರೆ ಕತ್ತು ಮತ್ತು ಕಣ್ಣು ಎರಡಕ್ಕೂ ಒಗ್ಗುತ್ತದೆ. ಮೇಲಿನ ತುದಿಯನ್ನು ಹಿಂದಕ್ಕೆ ತುಸು ವಾಲಿಸಿದರೆ ಕೆಳಮುಖದ ನೋಟಕ್ಕೆ ಪರದೆ ನೇರವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೀಲಿಮಣೆಯೂ ಪರದೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ದೂರ ಸರಿಯಾದರೆ ಕೈ ಎಟುಕುವುದಿಲ್ಲ, ಕೈ ಎಟುಕಿದರೆ ದೂರ ಸರಿಯಾಗುವುದಿಲ್ಲ. ಇಡೀ ದಿನ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡುವವರು ಹಣ ಖರ್ಚು ಮಾಡುವುದಿದ್ದರೆ ಮೊದಲು ಒಂದು ಪ್ರತ್ಯೇಕ ಕೀಬೋರ್ಡ್‌ಗೆ ಮಾಡಲಿ ಎಂಬುದು ನನ್ನ ಸಲಹೆ. ಕಾಗದ ನೋಡಿ ಟೈಪ್ ಮಾಡುವವರು ಕಾಗದವನ್ನು ಮೇಜಿನ ಮೇಲೆ ಮಲಗಿಸದೆ, ಪರದೆಯ ಪಕ್ಕದಲ್ಲಿ, ಅದೇ ದೂರದಲ್ಲಿ ನಿಲ್ಲಿಸಿಕೊಳ್ಳಬೇಕು. ಇಲ್ಲವಾದರೆ ಸ್ನಾಯು ಪ್ರತಿ ಸಾಲಿಗೂ ಎರಡು ಸಲ ಬಿಗಿದು ಸಡಿಲಗೊಳ್ಳಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಕೋಣೆಯ ಬೆಳಕು

ಇದಕ್ಕೆ ಮೂರು ಸರಳ ಪರೀಕ್ಷೆಗಳಿವೆ. ಮೊದಲನೆಯದಾಗಿ ಪರದೆಯನ್ನು ಆರಿಸಿ, ಕೆಲಸ ಮಾಡುವ ಭಂಗಿಯಲ್ಲೇ ಕುಳಿತು ಕಪ್ಪು ಗಾಜನ್ನು ನೋಡಿ. ಅದರಲ್ಲಿ ಕಿಟಕಿಯೋ ಟ್ಯೂಬ್‌ಲೈಟೋ ನಿಮ್ಮ ಬಿಳಿ ಅಂಗಿಯೋ ಕಂಡರೆ, ಪರದೆ ಹೊತ್ತಿದಾಗಲೂ ಅವು ಅಕ್ಷರಗಳ ಮೇಲೆ ತೆಳುವಾದ ಮುಸುಕಿನಂತೆ ಇದ್ದೇ ಇರುತ್ತವೆ. ಎರಡನೆಯದಾಗಿ ಪರದೆಯನ್ನು ಹೊತ್ತಿಸಿ ಓದುತ್ತಿರುವಾಗ, ಬಿಸಿಲಿಗೆ ಕೈ ಅಡ್ಡ ಹಿಡಿಯುವಂತೆ ಹುಬ್ಬಿನ ಮೇಲೆ ಅಂಗೈ ಹಿಡಿಯಿರಿ. ತಕ್ಷಣ ಹಿತವೆನಿಸಿದರೆ ತೊಂದರೆ ಕೊಡುತ್ತಿರುವುದು ಪರದೆಯಲ್ಲ, ಮೇಲಿನ ದೀಪ. ಮೂರನೆಯದಾಗಿ ಪರದೆಯ ಪಕ್ಕದಲ್ಲಿ ಬಿಳಿಯ ಕಾಗದವೊಂದನ್ನು ಹಿಡಿದು ಹೋಲಿಸಿ. ಪರದೆಯ ಬಿಳಿ ಭಾಗ ದೀಪದಂತೆ ಬೆಳಗುತ್ತಿದ್ದರೆ ಪ್ರಕಾಶ ಹೆಚ್ಚಾಗಿದೆ. ಕಾಗದಕ್ಕಿಂತ ಮಂಕಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಕಡಿಮೆಯಾಗಿದೆ. ಎರಡೂ ಒಂದೇ ಬಗೆಯಾಗಿ ಕಂಡರೆ ಸರಿ. ಬೆಳಗಿನ ಹೊಂದಿಕೆ ಸಂಜೆಗೆ ಸರಿಹೋಗುವುದಿಲ್ಲವಾದ್ದರಿಂದ ಈ ಕಾಗದದ ಪರೀಕ್ಷೆಯನ್ನು ದಿನಕ್ಕೆರಡು ಸಲ ಮಾಡುವುದು ಒಳ್ಳೆಯದು.

ಕಿಟಕಿ ಬೆನ್ನ ಹಿಂದಿದ್ದರೆ ಅದರ ಬಿಂಬ ಪರದೆಯ ಮೇಲೆ ಬೀಳುತ್ತದೆ. ಮುಂದಿದ್ದರೆ ಅದರ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜನ್ನು ತಿರುಗಿಸಿಕೊಳ್ಳಿ. ಕತ್ತಲ ಕೋಣೆಯಲ್ಲಿ ಪರದೆ ಮಾತ್ರ ಹೊಳೆಯುತ್ತಿರುವಂತೆ ಕೆಲಸ ಮಾಡುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಅಂಥಲ್ಲಿ ಪಾಪೆ ಹಿಗ್ಗಿರುವಾಗಲೇ ನೋಟದ ನಡುವೆ ಒಂದೇ ಒಂದು ತೀಕ್ಷ್ಣ ಬೆಳಕು ನಿಂತಿರುತ್ತದೆ. ಪರದೆಯ ಹಿಂದಿನ ಗೋಡೆಯ ಮೇಲೆ ಬೀಳುವಂತೆ ಒಂದು ಚಿಕ್ಕ ದೀಪ ಹಚ್ಚಿಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಅಕ್ಷರ

ಕನ್ನಡದಲ್ಲಿ ಓದುವ, ಬರೆಯುವ, ಕರಡು ತಿದ್ದುವ ಕೆಲಸ ಮಾಡುವವರು ಈ ಹೆಜ್ಜೆಯನ್ನು ಲಘುವಾಗಿ ಕಾಣಬಾರದು. ನಮ್ಮ ಲಿಪಿಯಲ್ಲಿ ಒತ್ತಕ್ಷರವು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಸಾಲಿನ ಕೆಳಗೆ ಕೂರುತ್ತದೆ. ದ, ಧ, ಥ ಎಂಬ ಮೂರು ಬೇರೆ ಬೇರೆ ಅಕ್ಷರಗಳ ನಡುವಣ ಅಂತರ ಒಂದು ಸಣ್ಣ ಸೀಳು ಮತ್ತು ಒಂದು ಚುಕ್ಕೆ ಮಾತ್ರ. ಇಂಗ್ಲಿಷ್ ಪಠ್ಯಕ್ಕೆ ಹೊಂದಿಸಿಟ್ಟ ಗಾತ್ರದಲ್ಲೇ ಕನ್ನಡವನ್ನೂ ಓದಿದರೆ ಆ ಸೀಳನ್ನೂ ಚುಕ್ಕೆಯನ್ನೂ ಹುಡುಕುವ ಕೆಲಸ ಕಣ್ಣಿಗೆ ಪ್ರತಿ ಪದದಲ್ಲೂ ಬೀಳುತ್ತದೆ, ಮತ್ತು ಅದರ ಅರಿವೂ ನಮಗಿರುವುದಿಲ್ಲ. ಆದ್ದರಿಂದ ಕನ್ನಡದ ಕಡತಗಳಿಗೆ ಫಾಂಟ್ ಗಾತ್ರವನ್ನು ಎರಡು ಮೂರು ಅಂಕ ಹೆಚ್ಚಿಸಿ, ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗದಂತೆ ಸಾಲುಗಳ ಅಂತರವನ್ನು ಒಂದೂವರೆ ಪಟ್ಟು ಇಟ್ಟುಕೊಳ್ಳಿ. ತೀರ ತೆಳುವಾದ ಗೆರೆಯ ಫಾಂಟುಗಳು ಕಾಣಲು ಚೆಂದವಿದ್ದರೂ ದೀರ್ಘ ಓದಿಗೆ ತಕ್ಕವಲ್ಲ.

ಗಾತ್ರ ಸಾಕೇ ಎಂದು ತಿಳಿಯಲು ಒಂದು ಉಪಾಯವಿದೆ. ಓದಲು ಬರುವ ಅತಿ ಚಿಕ್ಕ ಅಕ್ಷರದ ಗಾತ್ರದಲ್ಲೇ ದಿನವಿಡೀ ಓದುವುದೆಂದರೆ ಹೊರಲು ಸಾಧ್ಯವಿರುವ ಅತಿ ಭಾರದ ಮೂಟೆಯನ್ನು ದಿನವಿಡೀ ಹೊತ್ತಂತೆ. ಹಿತವಾದ ಓದಿಗೆ ಅದರ ಸುಮಾರು ಮೂರು ಪಟ್ಟು ಗಾತ್ರ ಬೇಕು. ನೀವು ಕೂರುವ ಜಾಗದಿಂದ ಎದ್ದು, ಪರದೆಯಿಂದ ಮೂರು ಪಟ್ಟು ದೂರಕ್ಕೆ, ಅಂದರೆ ಸುಮಾರು ಎರಡು ಮೀಟರ್‌ಗೆ ಹೋಗಿ ನಿಂತು ಅದೇ ಪಠ್ಯವನ್ನು ನೋಡಿ. ಕಷ್ಟಪಟ್ಟಾದರೂ ಓದಲು ಬಂದರೆ ಗಾತ್ರ ಸಾಕಷ್ಟಿದೆ. ಬಾರದಿದ್ದರೆ ಕಂಟ್ರೋಲ್ ಕೀಲಿಯ ಜೊತೆ ಪ್ಲಸ್ ಕೀಲಿಯನ್ನು ಒತ್ತಿ ದೊಡ್ಡದು ಮಾಡಿ. ಬ್ರೌಸರ್‌ಗಳಲ್ಲಿ ಇದು ಕೂಡಲೇ ಕೆಲಸ ಮಾಡುತ್ತದೆ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ತೋರಿಸುವ ಡಾರ್ಕ್ ಮೋಡ್ ಕಣ್ಣಿಗೆ ತಂಪೆಂದು ಅನೇಕರು ನಂಬಿದ್ದಾರೆ. ಬೆಳಕಿರುವ ಕೋಣೆಯಲ್ಲಿ ದೀರ್ಘ ಪಠ್ಯ ಓದುವುದಕ್ಕೆ ಬಿಳಿಯ ಮೇಲೆ ಕಪ್ಪು ಅಕ್ಷರವೇ ಹೆಚ್ಚು ಸ್ಪಷ್ಟ, ಏಕೆಂದರೆ ಹಿನ್ನೆಲೆ ಬೆಳಕಾಗಿದ್ದಾಗ ಪಾಪೆ ಕುಗ್ಗಿ ಬಿಂಬ ಚುರುಕಾಗುತ್ತದೆ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಾಗಿರದ ದೋಷ) ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳ ಅಂಚು ಹರಡಿಕೊಂಡು ಕಾಣುವುದೂ ಉಂಟು. ರಾತ್ರಿ ಮಂದ ಬೆಳಕಿನಲ್ಲಿ ಡಾರ್ಕ್ ಮೋಡ್ ಹಿತವೆನಿಸಿದರೆ ಬಳಸಲು ಅಡ್ಡಿಯಿಲ್ಲ.

ಐದನೆಯ ಹೆಜ್ಜೆ: ರೆಪ್ಪೆ ಬಡಿಯುವುದು

ನನ್ನ ಅನುಭವದಲ್ಲಿ ಹೆಚ್ಚು ಜನರಿಗೆ ನೆರವಾಗಿರುವುದು ಇದೇ, ಮತ್ತು ಹೆಚ್ಚು ಜನ ನಂಬದಿರುವುದೂ ಇದನ್ನೇ. ಮಾತನಾಡುತ್ತ ಕುಳಿತಿರುವಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮನಸ್ಸು ನೆಟ್ಟಾಗ ಅದು ಅರ್ಧಕ್ಕೆ, ಕೆಲವೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಡಿದಾಗಲೂ ಅನೇಕ ಸಲ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕಣ್ಣೀರೆಂದರೆ ಬರಿಯ ನೀರಲ್ಲ. ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ಅದರ ಮೇಲೆ ನೀರು, ನೀರು ಆವಿಯಾಗದಂತೆ ಎಲ್ಲಕ್ಕೂ ಮೇಲೆ ತೆಳುವಾದ ಎಣ್ಣೆ, ಹೀಗೆ ಅದೊಂದು ಪದರಗಳ ಹೊದಿಕೆ. ಎಣ್ಣೆಯನ್ನು ಒಸರುವ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲೇ ಇದ್ದು, ರೆಪ್ಪೆ ಪೂರ್ತಿ ಮುಚ್ಚಿ ತುಸು ಒತ್ತಿದಾಗ ಎಣ್ಣೆ ಹೊರಬಂದು ಹರಡುತ್ತದೆ. ಅರೆಬರೆ ಬಡಿತದಲ್ಲಿ ಎಣ್ಣೆಯೂ ಬಾರದು, ಕಣ್ಣಿನ ಕೆಳಭಾಗ ತೇವವೂ ಆಗದು.

ಗಂಟೆಗೊಮ್ಮೆ ಹೀಗೆ ಮಾಡಿ: ಕಣ್ಣುಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಹಾಗೆಯೇ ಇಟ್ಟು, ತೆರೆಯಿರಿ. ಇದನ್ನು ಹತ್ತು ಸಲ ಮಾಡುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ನೆನಪಾಗುವುದಿಲ್ಲವೆಂಬುದೇ ಇದರ ದೊಡ್ಡ ತೊಡಕಾದ್ದರಿಂದ ಯಾವುದಾದರೂ ಮಾಡಲೇಬೇಕಾದ ಕೆಲಸಕ್ಕೆ ಇದನ್ನು ಕಟ್ಟಿಹಾಕಿ. ಕಡತವನ್ನು ಉಳಿಸಿದಾಗಲೆಲ್ಲ ಎರಡು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ.

ಗಾಳಿ ಮುಖಕ್ಕೆ ನೇರವಾಗಿ ಬೀಸದಂತೆ ಫ್ಯಾನನ್ನೋ ಎಸಿಯ ಬಾಯನ್ನೋ ತಿರುಗಿಸಿ. ಇಷ್ಟಾದರೂ ಉರಿ ಉಳಿದರೆ ಕೃತಕ ಕಣ್ಣೀರಿನ ಹನಿಗಳನ್ನು ಬಳಸಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವುದಿದ್ದರೆ ಸಂರಕ್ಷಕ ಬೆರೆಸದ ಹನಿಗಳನ್ನೇ ಕೇಳಿ ಪಡೆಯಿರಿ, ಏಕೆಂದರೆ ಸಂರಕ್ಷಕವೇ ಪದೇ ಪದೇ ಬಿದ್ದಾಗ ಕಣ್ಣನ್ನು ಕೆರಳಿಸಬಲ್ಲದು. ಕೆಂಪು ಹೋಗಲಾಡಿಸುವ ಹನಿಗಳು ಬೇರೆಯೇ ವಸ್ತು. ಅವು ರಕ್ತನಾಳಗಳನ್ನು ಕುಗ್ಗಿಸಿ ಕಣ್ಣನ್ನು ತಾತ್ಕಾಲಿಕವಾಗಿ ಬಿಳಿಯಾಗಿಸುತ್ತವೆಯೇ ಹೊರತು ಒಣಗುವುದನ್ನು ನಿಲ್ಲಿಸುವುದಿಲ್ಲ, ಮತ್ತು ಬಿಟ್ಟಾಗ ಕೆಂಪು ಮೊದಲಿಗಿಂತ ಹೆಚ್ಚಾಗಬಹುದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ದೀರ್ಘ ಕೆಲಸದ ದಿನಗಳಲ್ಲಿ ಅರ್ಧ ದಿನವಾದರೂ ಕನ್ನಡಕಕ್ಕೆ ಬದಲಾಯಿಸಿಕೊಳ್ಳಲಿ. ಲೆನ್ಸ್ ಇರುವಾಗ ಹಾಕಬಹುದಾದ ಹನಿಗಳು ಯಾವುವೆಂದು ಕೇಳಿಯೇ ಬಳಸಲಿ.

ಆರನೆಯ ಹೆಜ್ಜೆ: ಬಿಡುವು

20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಬೇಕೆಂಬ ನಿಯಮವನ್ನು ಬಹಳ ಜನ ಕೇಳಿರುತ್ತಾರೆ. 20 ಅಡಿಯೆಂದರೆ ಸುಮಾರು 6 ಮೀಟರ್. ಮೇಲಿನ ಲೆಕ್ಕದಂತೆ ಅಷ್ಟು ದೂರಕ್ಕೆ ಬೀಳುವ ಹೊರೆ ಒಂದು ಡಯಾಪ್ಟರ್‌ನ ಆರನೇ ಒಂದು ಭಾಗ. ಅಂದರೆ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಸಡಿಲಗೊಂಡಿರುತ್ತದೆ. ಈ ಅಂಕಿಗಳು ನೆನಪಿಗೆ ಸುಲಭವಾಗಲೆಂದು ಹೊಂದಿಸಿದವು. 25 ನಿಮಿಷಕ್ಕೊಮ್ಮೆ ನೋಡಿದರೂ ಪ್ರಯೋಜನವಿದೆ. ಆದರೆ ಕೋಣೆ ಚಿಕ್ಕದೆಂದು ಎರಡು ಮೀಟರ್ ದೂರದ ಗೋಡೆಯನ್ನು ನೋಡಿದರೆ ಅಷ್ಟು ಪ್ರಯೋಜನವಿಲ್ಲ. ಕಿಟಕಿಯಾಚೆಗೆ, ಓಣಿಯ ತುದಿಗೆ, ಮರದ ತುದಿಗೆ ನೋಟ ಹಾಯಲಿ. ಬಿಡುವೆಂದು ಮೊಬೈಲ್ ತೆಗೆದರೆ ಹೊರೆ ಇಳಿಯುವ ಬದಲು ಎರಡು ಪಟ್ಟಿಗೂ ಮೀರಿ ಏರುತ್ತದೆ ಎಂಬುದು ಅದೇ ಲೆಕ್ಕದಿಂದ ಸ್ಪಷ್ಟ. ಸತತ ಎರಡು ಗಂಟೆಯ ಕೆಲಸದ ಬಳಿಕ ಪರದೆಯಿಂದ ಎದ್ದು 15 ನಿಮಿಷ ಬೇರೆ ಕೆಲಸ ಮಾಡಬೇಕು.

ಏಳನೆಯ ಹೆಜ್ಜೆ: ಕನ್ನಡಕ

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಮೊದಲಿನಷ್ಟು ಉಬ್ಬಲಾರದೆ ಚಾಳೀಸು ಬರುತ್ತದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿರುತ್ತಾರೆ. ಪರದೆ ಇರುವುದು 65 ಸೆಂಟಿಮೀಟರ್ ದೂರದಲ್ಲಿ. ಎರಡರ ನಡುವೆ ಸುಮಾರು 1 ಡಯಾಪ್ಟರ್ ಅಂತರವಿರುವುದರಿಂದ ಓದುವ ಕನ್ನಡಕದಲ್ಲಿ ಪರದೆ ಮಸುಕಾಗುತ್ತದೆ, ತೆಗೆದರೂ ಮಸುಕಾಗುತ್ತದೆ, ಕೊನೆಗೆ ಜನ ಮುಂದಕ್ಕೆ ಬಾಗುತ್ತಾರೆ. ಒಂದೇ ಗಾಜಿನ ಮೇಲ್ಭಾಗದಲ್ಲಿ ದೂರದ, ಕೆಳಭಾಗದಲ್ಲಿ ಹತ್ತಿರದ ನಂಬರ್ ಇರುವ ಪ್ರೋಗ್ರೆಸಿವ್ ಕನ್ನಡಕದವರು ಕೆಳಭಾಗದ ಗಾಜಿನಿಂದ ನೋಡಲು ಗಲ್ಲವನ್ನು ಮೇಲೆತ್ತುತ್ತಾರೆ, ಸಂಜೆಗೆ ಕತ್ತು ನೋಯುತ್ತದೆ. ಅಂಥವರು ಪರದೆಯನ್ನು ಎರಡನೆಯ ಹೆಜ್ಜೆಯಲ್ಲಿ ಹೇಳಿದ್ದಕ್ಕಿಂತ ಇನ್ನಷ್ಟು ಕೆಳಗಿಳಿಸಬೇಕು, ಅಥವಾ ಪರದೆಯ ದೂರಕ್ಕೆಂದೇ ಪ್ರತ್ಯೇಕ ಕನ್ನಡಕ ಮಾಡಿಸಿಕೊಳ್ಳಬೇಕು. ನಲವತ್ತು ದಾಟದವರಿಗೂ ಅರ್ಧ ಡಯಾಪ್ಟರ್‌ನಂಥ ಸಣ್ಣ ದೋಷ ಬೇರೆಲ್ಲೂ ಕಾಡದೆ ಪರದೆಯ ಮುಂದೆ ಮಾತ್ರ ತಲೆನೋವು ತರಬಹುದು.

ನೀಲಿ ಬೆಳಕನ್ನು ತಡೆಯುವ ಗಾಜಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಸಾಧಾರಣ ಗಾಜಿಗೆ ಹೋಲಿಸಿದರೆ ಇಂಥ ಗಾಜು ಪರದೆಯ ಕೆಲಸದಿಂದಾಗುವ ಕಣ್ಣಿನ ದಣಿವನ್ನು ಅಲ್ಪಾವಧಿಯಲ್ಲಿ ಕಡಿಮೆ ಮಾಡುವಂತೆ ಕಾಣುವುದಿಲ್ಲ. ಮೋಡ ಕವಿದ ಹಗಲಿನಲ್ಲಿ ಹೊರಗೆ ನಿಂತಾಗ ಕಣ್ಣಿಗೆ ಬೀಳುವ ಬೆಳಕು ಪರದೆಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ರಾತ್ರಿಯ ಹೊತ್ತು ಪರದೆಯ ಬೆಳಕು ನಿದ್ರೆಯನ್ನು ಹಿಂದೂಡಬಹುದೆಂಬುದು ಬೇರೆ ವಿಷಯ. ಅದಕ್ಕೆ ಮಲಗುವ ಮೊದಲು ಪರದೆಯನ್ನು ಮಂದಗೊಳಿಸಿ, ಬೇಗ ಬದಿಗಿಡುವುದೇ ಸಾಕು. ಆ ಗಾಜಿಗೆ ಹೆಚ್ಚಿಗೆ ಕೊಡುವ ಹಣವನ್ನು ಸರಿಯಾದ ಕಣ್ಣಿನ ಪರೀಕ್ಷೆಗೆ ಕೊಡುವುದು ಮೇಲು.

ವೈದ್ಯರಲ್ಲಿಗೆ ಹೋಗುವಾಗ

ಕೆಲವು ಲಕ್ಷಣಗಳನ್ನು ದಣಿವೆಂದು ಭಾವಿಸಿ ಕಾಯುವಂತಿಲ್ಲ. ಒಮ್ಮೆಲೇ ದೃಷ್ಟಿ ಮಂಕಾಗುವುದು ಅಥವಾ ಹೋಗುವುದು, ನೋಟದ ಒಂದು ಬದಿಗೆ ಕಪ್ಪು ತೆರೆ ಎಳೆದಂತಾಗುವುದು, ಮಿಂಚಿನಂಥ ಹೊಳಪು ಇಲ್ಲವೇ ಹೊಸದಾಗಿ ಅನೇಕ ಕಪ್ಪು ಚುಕ್ಕೆಗಳು ತೇಲಾಡುವುದು, ಒಂದು ವಸ್ತು ಇದ್ದಕ್ಕಿದ್ದಂತೆ ಎರಡಾಗಿ ಕಾಣುವುದು, ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ವೈದ್ಯರನ್ನು ಕಾಣಬೇಕು.

ಉಳಿದಂತೆ, ಮೇಲಿನ ಕ್ರಮಗಳನ್ನೆಲ್ಲ ಎರಡು ಮೂರು ವಾರ ಪಾಲಿಸಿದ ಮೇಲೂ ತೊಂದರೆ ಉಳಿದರೆ ಪರೀಕ್ಷೆ ಮಾಡಿಸಿಕೊಳ್ಳಿ. ಹೋಗುವ ಮುನ್ನ ಕಣ್ಣಿನಿಂದ ಪರದೆಗೆ, ಕೀಲಿಮಣೆಗೆ ಮತ್ತು ಮೊಬೈಲಿಗೆ ಇರುವ ದೂರವನ್ನು ಟೇಪಿನಲ್ಲಿ ಅಳೆದು ಆ ಮೂರು ದಿನಗಳ ಚೀಟಿಯ ಕೆಳಗೆ ಬರೆದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತೇನೆ ಎಂದಷ್ಟೇ ಹೇಳಿದರೆ ಪರೀಕ್ಷಿಸುವವರು ದೂರವನ್ನು ಊಹಿಸಬೇಕಾಗುತ್ತದೆ. ಸಂಖ್ಯೆ ಕೈಯಲ್ಲಿದ್ದರೆ ಅವರು ಪರೀಕ್ಷೆಯ ಫಲಕವನ್ನು ಅದೇ ದೂರದಲ್ಲಿ ಹಿಡಿದು ನಿಮ್ಮ ನಂಬರ್ ನಿರ್ಧರಿಸಬಹುದು. ನಿತ್ಯ ಸೇವಿಸುವ ಔಷಧಿಗಳ ಹೆಸರುಗಳನ್ನೂ ಅಲ್ಲೇ ಬರೆಯಿರಿ, ಏಕೆಂದರೆ ಅಲರ್ಜಿ ಮತ್ತು ನೆಗಡಿಗೆ ಕೊಡುವ ಕೆಲವು ಮಾತ್ರೆಗಳು ಕಣ್ಣೀರನ್ನು ಕಡಿಮೆ ಮಾಡುತ್ತವೆ.